ಬ್ಯಾಂಕಿನಲ್ಲಿ ದುಡಿದ ಅಜ್ಜನನ್ನು ಎಲ್ಲರೂ ‘ರಾವ್’ ಎನ್ನುವುದೇಕೆ?

ಪ್ರಶ್ನೆ: ನಾನು ಬೆಳ್ತಂಗಡಿ ಕಡೆಯವಳು. ಜೆರುಸಲೇಮಿನಲ್ಲಿ ವೃದ್ಧ ಯಹೂದಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಜ್ಜ ನಿವೃತ್ತಿಯವರೆಗೂ ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಆದರೂ ಮನೆಗೆ ಬಂದವರೆಲ್ಲ ಅವರನ್ನು ‘ರಾವ್’ ಎನ್ನುತ್ತಾರೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಳೆಯ ಕಾಗದವೊಂದಿದೆ, ಅದು ಅವರಿಗೆ ಸಿಕ್ಕ ದಿನದಿಂದ ಅವರು ರಬ್ಬಿ ಎಂದು ಮಗ ಹೇಳಿದರು. ಆದರೆ ಶನಿವಾರ ಗಾಲಿಕುರ್ಚಿಯಲ್ಲಿ ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಕರೆದೊಯ್ದರೆ ಅಲ್ಲಿ ಪ್ರಾರ್ಥನೆ ಹೇಳಿಕೊಡುವವರು ಬೇರೆ. ಕೈಯೆತ್ತಿ ಎಲ್ಲರನ್ನೂ ಆಶೀರ್ವದಿಸುವವರು ಪಕ್ಕದ ಮನೆಯ ಕೋಹೆನ್, ಅವರು ವಿದ್ಯುತ್ ಕೆಲಸ ಮಾಡುವವರು. ಅಜ್ಜ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಹಾಗಾದರೆ ಇವರಲ್ಲಿ ಪಾದ್ರಿ ಯಾರು? ಒಮ್ಮೆ ನಾನು ಅವರನ್ನು ‘ರಬ್ಬಿ’ ಎಂದು ಕರೆದಾಗ ಮೊಮ್ಮಗ ನಕ್ಕ. ಅತಿಥಿಗಳು ಅವರ ಎದುರಿಗೇ ಕುಳಿತು ‘ರಾವ್ ಚಹಾ ಕುಡಿಯುತ್ತಾರೆಯೇ?’ ಎಂದು ಅವರನ್ನೇ ಕೇಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಊರಿನಲ್ಲಿರುವ ಅಕ್ಕನಂತೂ ‘ರಬ್ಬಿ ಎನಿಸಿಕೊಳ್ಳಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ, ನೀನು ಹಾಗೆ ಕರೆಯುವುದು ಪಾಪ’ ಎಂದು ಫೋನಿನಲ್ಲಿ ಹೆದರಿಸಿದ್ದಾಳೆ. ಇನ್ನೊಂದು ಸಂಗತಿಯನ್ನು ಯಾರಿಗೂ ಹೇಳಿಲ್ಲ. ಈ ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಮೊನ್ನೆ ಮಾಂಸದ ಸಾರು ಕುದಿಯುತ್ತಿದ್ದಾಗ ಮರೆತು ಹಾಲಿನ ಕಡೆಯ ಚಮಚ ಹಾಕಿ ತಿರುವಿಬಿಟ್ಟೆ. ತೊಳೆದು ಅದರ ಜಾಗದಲ್ಲೇ ಇಟ್ಟೆ. ಅರ್ಧ ಸಾರು ಇನ್ನೂ ಫ್ರೀಜರಿನಲ್ಲಿದೆ. ಸೊಸೆ ಬಹಳ ಕಟ್ಟುನಿಟ್ಟು. ಅಜ್ಜನಿಗೆ ಹೇಳಬೇಕೇ, ಬೇಡವೇ? ಬರುವ ತಿಂಗಳು ಅವರಿಗೆ ತೊಂಬತ್ತು ತುಂಬುತ್ತದೆ, ಕಾರ್ಡಿನಲ್ಲಿ ಹೆಸರಿನ ಜೊತೆಗೆ ಏನು ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಾದರೂ ನಿದ್ದೆ ಕೆಡಿಸುತ್ತಿರುವುದು ಎರಡು. ಅಜ್ಜನನ್ನು ತಪ್ಪಾಗಿ ಕರೆದು ಅವರಿಗೋ ನಿಮ್ಮ ದೇವರಿಗೋ ಅಪಚಾರ ಮಾಡಿದೆನೇ ಎಂಬುದು ಮೊದಲನೆಯದು. ಚಮಚ ಎರಡನೆಯದು. ಹೀಬ್ರೂ ಕಲಿಸುವುದು ನನ್ನ ವೃತ್ತಿ. ಜೆರುಸಲೇಮಿನಲ್ಲಿ ಓದುತ್ತಿದ್ದಾಗಲೂ ಆಮೇಲೂ ನಿಮ್ಮಂತೆ ಆರೈಕೆಯ ಕೆಲಸಕ್ಕೆ ಬಂದ ಕರಾವಳಿಯ ಅನೇಕರು ಇಂಥವೇ ಸಂಶಯಗಳನ್ನು ನನ್ನ ಮುಂದಿಟ್ಟಿದ್ದಾರೆ. ರಬ್ಬಿ ಎಂದರೆ ಯಾರು ಎಂಬುದು ಸ್ಪಷ್ಟವಾದರೆ ಚಮಚದ ಸಂಕಟವೂ ಮುಕ್ಕಾಲು ಪಾಲು ಕರಗುತ್ತದೆ. ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಮೊದಲಿಗೆ, ಅಜ್ಜ ಪಾದ್ರಿಯೂ ಅಲ್ಲ, ಪುರೋಹಿತರೂ ಅಲ್ಲ. ನೀವು ಸಿನಗಾಗ್‌ನಲ್ಲಿ ನೋಡಿದ ಮೂವರು ಮೂರು ಬೇರೆ ಬೇರೆ ದಾರಿಗಳಿಂದ ಅಲ್ಲಿಗೆ ಬಂದವರು. ಪ್ರಾರ್ಥನೆಯನ್ನು ಹಾಡಿ ನಡೆಸಿಕೊಡುವವರು ‘ಹಜ್ಜಾನ್’. ಒಳ್ಳೆಯ ಕಂಠ ಮತ್ತು ಪ್ರಾರ್ಥನೆಯ ಪಾಠ ಗೊತ್ತಿದ್ದರೆ ಅಲ್ಲಿರುವ ಯಾವ ವಯಸ್ಕ ಗಂಡಸು ಬೇಕಾದರೂ ಆ ಕೆಲಸ ಮಾಡಬಹುದು, ಮಾಡುತ್ತಾರೆ. ಕೈಯೆತ್ತಿ ಆಶೀರ್ವದಿಸಿದ ಕೋಹೆನ್ ನಿಜವಾಗಿ ಪುರೋಹಿತ ವಂಶದವರು. ಮೋಶೆಯ ಅಣ್ಣ ಆರೋನನಿಂದ ತಂದೆ-ಮಗ ಎಂಬ ಕ್ರಮದಲ್ಲಿ ಇಳಿದು ಬಂದ ಸಂತತಿ ಎಂಬ ನಂಬಿಕೆ ಅದು. ಜೆರುಸಲೇಮಿನ ದೇವಾಲಯವಿದ್ದಷ್ಟು ಕಾಲ ಬಲಿಪೀಠದ ಕೆಲಸ ಅವರದೇ ಆಗಿತ್ತು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟ ಮೇಲೆ ಆ ಪೌರೋಹಿತ್ಯಕ್ಕೆ ಮಾಡಲು ಉಳಿದದ್ದು ಸ್ವಲ್ಪವೇ: ಈ ಆಶೀರ್ವಾದ, ತೋರಾ (ಮೋಶೆಯ ಐದು ಗ್ರಂಥಗಳು) ಓದುವಾಗ ಮೊದಲ ಕರೆ, ಸ್ಮಶಾನಕ್ಕೆ ಹೋಗಬಾರದೆಂಬಂಥ ಕೆಲವು ನಿಷೇಧಗಳು. ವಿದ್ಯುತ್ ಕೆಲಸದವರಾದರೂ ಆಶೀರ್ವಾದದ ಹಕ್ಕು ಅವರದು. ಅಜ್ಜ ಎಷ್ಟೇ ಓದಿದ್ದರೂ ಕೋಹೆನ್ ವಂಶದವರಲ್ಲದಿದ್ದರೆ ಆ ಹಕ್ಕು ಅವರಿಗಿಲ್ಲ.

ಮೂರನೆಯವರು ರಬ್ಬಿ. ಅವರು ಬಲಿ ಕೊಡುವುದಿಲ್ಲ, ಪಾಪನಿವೇದನೆ ಕೇಳುವುದಿಲ್ಲ, ಕ್ಷಮೆ ಹಂಚುವುದಿಲ್ಲ. ಹತ್ತು ಮಂದಿ ವಯಸ್ಕ ಗಂಡಸರು ಸೇರಿದರೆ ರಬ್ಬಿ ಇಲ್ಲದೆಯೂ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗುತ್ತದೆ. ಒಂಬತ್ತು ರಬ್ಬಿಗಳು ಕೂಡಿದರೆ ಪೂರ್ಣವಾಗುವುದಿಲ್ಲ. ಅವಿವಾಹಿತರಾಗಿರಬೇಕೆಂಬ ನಿಯಮ ಇಲ್ಲವಷ್ಟೇ ಅಲ್ಲ, ಮದುವೆಯಾಗದ ರಬ್ಬಿಯನ್ನು ಕಂಡರೆ ಜನ ಹೆಣ್ಣು ಹುಡುಕಲು ಹೊರಡುತ್ತಾರೆ. ಹಾಗಾದರೆ ಅವರು ಮಾಡುವುದೇನು? ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರದ ಪ್ರಕಾರ ಉತ್ತರ ಹೇಳುವುದು. ಇದು ತಿನ್ನಬಹುದೇ, ಇಂದು ಉಪವಾಸ ಬಿಡಬಹುದೇ, ಈ ಕರಾರು ನಿಲ್ಲುತ್ತದೆಯೇ ಎಂಬಂಥ ಪ್ರಶ್ನೆಗಳು. ಕಾಲಾಂತರದಲ್ಲಿ, ಅದರಲ್ಲೂ ಅಮೆರಿಕ ಮತ್ತು ಯುರೋಪಿನಲ್ಲಿ, ಪ್ರವಚನ, ಆಪ್ತಸಲಹೆ, ಆಸ್ಪತ್ರೆ ಭೇಟಿ, ಮದುವೆ ಮಾಡಿಸುವುದು ಎಲ್ಲವೂ ರಬ್ಬಿಯ ಹೆಗಲಿಗೇರಿದವು. ಅಲ್ಲಿನ ಚಲನಚಿತ್ರ, ಧಾರಾವಾಹಿಗಳನ್ನು ನೋಡಿದವರಿಗೆ ರಬ್ಬಿ ಎಂದರೆ ಕ್ರೈಸ್ತ ಪಾದ್ರಿಯ ಯಹೂದಿ ರೂಪ ಎನಿಸುವುದು ಅದರಿಂದಲೇ. 2008ರಲ್ಲಿ ಮುಂಬಯಿಯ ಯಹೂದಿ ಕೇಂದ್ರವಾದ ನಾರಿಮನ್ ಹೌಸ್ ಮೇಲೆ ದಾಳಿಯಾದಾಗ ಅಲ್ಲಿನ ರಬ್ಬಿಯ ಬಗ್ಗೆ ನಮ್ಮ ಸುದ್ದಿಗಳಲ್ಲಿಯೂ ‘ಯಹೂದಿ ಪುರೋಹಿತ’ ಎಂಬ ಮಾತು ಓಡಾಡಿತು.

ಈಗ ಗೋಡೆಯ ಮೇಲಿನ ಕಾಗದ. ಅದರ ನಡುವೆ ಒಂದೇ ಪದ ಎರಡು ಬಾರಿ ಬರೆದಿರುತ್ತದೆ. ‘ಯೋರೆ ಯೋರೆ’ ಎಂದು ಓದಬೇಕು. ನೋಡಿದವರಿಗೆ ಬರೆದವನ ಕೈತಪ್ಪು ಎನಿಸಬಹುದು. ಅಲ್ಲ, ಮೊದಲನೆಯದು ‘ನಿರ್ಣಯ ಹೇಳಬಹುದೇ?’ ಎಂಬ ಪ್ರಶ್ನೆ, ಎರಡನೆಯದು ‘ಹೇಳಬಹುದು’ ಎಂಬ ಉತ್ತರ. ತಾಲ್ಮುದ್‌ನಲ್ಲಿ, ಅಂದರೆ ಯಹೂದಿ ಶಾಸ್ತ್ರಚರ್ಚೆಗಳ ಮಹಾಸಂಗ್ರಹದಲ್ಲಿ, ಇದರ ಹಿಂದೆ ಒಂದು ಸಂಭಾಷಣೆಯಿದೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಮಿಷ್ನಾ ಎಂಬ ಶಾಸ್ತ್ರಸಂಹಿತೆಯನ್ನು ಕ್ರೋಡೀಕರಿಸಿದ ಯೆಹೂದಾ ಹಾ-ನಾಸಿ ಎಂಬ ಮಹಾವಿದ್ವಾಂಸರ ಬಳಿ ಹಿಯ್ಯಾ ಎಂಬವರು ಬಂದು, ‘ನನ್ನ ಅಣ್ಣನ ಮಗ ಬಾಬಿಲೋನಿಗೆ ಹೋಗುತ್ತಿದ್ದಾನೆ. ಅವನು ನಿರ್ಣಯ ಹೇಳಬಹುದೇ?’ ಎಂದು ಕೇಳುತ್ತಾರೆ. ‘ಹೇಳಬಹುದು.’ ‘ವ್ಯಾಜ್ಯ ತೀರ್ಮಾನಿಸಬಹುದೇ?’ ‘ತೀರ್ಮಾನಿಸಬಹುದು.’ ‘ದೇವರಿಗೆ ಮೀಸಲಾದ, ದನಕುರಿಗಳ ಚೊಚ್ಚಲ ಮರಿಗಳನ್ನು ಪರೀಕ್ಷಿಸಿ ಬಿಡುಗಡೆ ಮಾಡಬಹುದೇ?’ ‘ಮಾಡಬಹುದು.’ ಮತ್ತೊಮ್ಮೆ ಇನ್ನೊಬ್ಬ ಬಂಧುವಿನ ಸರದಿ. ಅದೇ ಮೂರು ಪ್ರಶ್ನೆಗಳು. ಮೊದಲೆರಡಕ್ಕೆ ಒಪ್ಪಿಗೆ, ಮೂರನೆಯದಕ್ಕೆ ‘ಬೇಡ’. ಮೂರನೆಯ ಅನುಮತಿ ಸಿಗದ ಆ ವ್ಯಕ್ತಿ ಅಬ್ಬಾ ಅರಿಖಾ. ಕ್ರಿ.ಶ. 219ರಲ್ಲಿ ಬಾಬಿಲೋನಿನ ಸೂರಾದಲ್ಲಿ ವಿದ್ಯಾಪೀಠ ಕಟ್ಟಿ, ಹೆಸರೇ ಬೇಡವೆಂಬಷ್ಟು ಪ್ರಸಿದ್ಧರಾಗಿ ಬರಿಯ ‘ರಾವ್’ ಎನಿಸಿಕೊಂಡವರು ಇವರೇ. ಒಬ್ಬರಿಗೆ ಎಲ್ಲದರ ಅಧಿಕಾರ ಕೊಡಬೇಕಾಗಿಲ್ಲ, ಯಾವ ವಿಷಯದಲ್ಲಿ ಪರೀಕ್ಷೆಯಾಗಿದೆಯೋ ಅದರಲ್ಲಿ ಮಾತ್ರ ಎಂಬ ಎಚ್ಚರ ಇಂದಿನ ಕಾಗದದಲ್ಲಿಯೂ ಇದೆ. ‘ಯೋರೆ ಯೋರೆ’ ಇದ್ದವರು ಅಡುಗೆಮನೆ, ದಾಂಪತ್ಯದ ಶುಚಿ, ಸಬ್ಬತ್ ಇತ್ಯಾದಿಗಳಲ್ಲಿ ನಿರ್ಣಯ ಹೇಳಬಹುದು. ಹಣಕಾಸಿನ ವ್ಯಾಜ್ಯಕ್ಕೆ ‘ಯಾದಿನ್ ಯಾದಿನ್’ ಎಂಬ ಮುಂದಿನ ಮೆಟ್ಟಿಲು ಬೇಕು. ಅದು ಪಡೆದವರು ಕಡಿಮೆ.

ವಕೀಲರ ಸನ್ನದಿನ ಹಾಗೆ ನೋಡಿ ಇದನ್ನು. ಸನ್ನದು ಪಡೆದು ಕರಿಕೋಟು ಹಾಕದೆ ಬ್ಯಾಂಕಿನ ಕೆಲಸಕ್ಕೆ ಸೇರಿದವರಿರುವಂತೆ, ಸೆಮಿಖಾ, ಅಂದರೆ ಈ ಅಧಿಕಾರಪತ್ರ, ಪಡೆದೂ ಯಾವ ಸಿನಗಾಗ್‌ನ ಸಂಬಳವನ್ನೂ ಪಡೆಯದ ರಬ್ಬಿಗಳು ಇಸ್ರೇಲಿನಲ್ಲಿ ಬೇಕಾದಷ್ಟು ಮಂದಿ. ನಿಮ್ಮ ಅಜ್ಜ ಅಂಥವರಲ್ಲೊಬ್ಬರು. ಇದು ಕೊರತೆಯಲ್ಲ, ಹಳೆಯ ಆದರ್ಶವೇ ಅದು. ತಾಲ್ಮುದ್‌ನ ವಿದ್ವಾಂಸರಲ್ಲಿ ಚಪ್ಪಲಿ ಹೊಲಿಯುವ ಯೋಹಾನಾನ್ ಇದ್ದಾರೆ, ಇದ್ದಿಲಿನ ಕೆಲಸ ಮಾಡುತ್ತ ಮಸಿ ಮೆತ್ತಿದ ಗೋಡೆಗಳ ಮನೆಯಲ್ಲಿದ್ದ ಯೆಹೋಶುವ ಇದ್ದಾರೆ. 12ನೇ ಶತಮಾನದ ಯಹೂದಿ ಶಾಸ್ತ್ರಕಾರ ಮೈಮೋನಿದಿಸ್ ಶಾಸ್ತ್ರಜ್ಞಾನವನ್ನು ಹೊಟ್ಟೆಪಾಡಿಗೆ ಬಳಸುವವರನ್ನು ಕಟುವಾಗಿ ಖಂಡಿಸಿದರು. ಅವರನ್ನು ಸಾಕುತ್ತಿದ್ದುದು ರತ್ನ ವ್ಯಾಪಾರಿಯಾಗಿದ್ದ ತಮ್ಮ ದಾವೀದ. ಆ ತಮ್ಮ ಭಾರತದ ವ್ಯಾಪಾರಕ್ಕೆ ಹೊರಟು ನಮ್ಮ ಈ ಸಮುದ್ರದಲ್ಲೇ ಮುಳುಗಿ ಸತ್ತ, ಮನೆಯ ಹಣವೂ ಅವನೊಂದಿಗೇ ಹೋಯಿತು. ಮೈಮೋನಿದಿಸ್ ಬಹುಕಾಲ ಹಾಸಿಗೆ ಹಿಡಿದು, ಆಮೇಲೆ ಎದ್ದು ವೈದ್ಯವೃತ್ತಿಯಿಂದ ಬದುಕಿದರು. ಅವರ ನಿಲುವನ್ನು ಮುಂದಿನವರು ಪೂರ್ತಿ ಒಪ್ಪಲಿಲ್ಲ. ಪಾಠ ಹೇಳಿದ್ದಕ್ಕಲ್ಲ, ಬೇರೆ ದುಡಿಮೆ ಬಿಟ್ಟು ಕಳೆದುಕೊಂಡ ಹೊತ್ತಿಗೆ ಪರಿಹಾರ ಎಂಬ ಹೆಸರಿನಲ್ಲಿ ಸಂಬಳಕ್ಕೆ ದಾರಿಯಾಯಿತು. ನನಗೆ ಇದು ಸ್ವಲ್ಪ ಜಾಣತನದ ಲೆಕ್ಕವೇ ಎನಿಸುತ್ತದೆ, ಆದರೆ ಸಂಬಳವಿಲ್ಲದೆ ಇಷ್ಟು ಶತಮಾನ ಈ ವಿದ್ಯೆ ಉಳಿಯುತ್ತಿತ್ತೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

‘ರಾವ್’ ಎಂಬುದಕ್ಕೆ ದೊಡ್ಡವನು, ಒಡೆಯ ಎಂದರ್ಥ. ನಮ್ಮ ಕಡೆಯ ಹೆಸರಿನ ತುದಿಯ ರಾವ್‌ಗೂ ಇದಕ್ಕೂ ನಂಟಿಲ್ಲ, ಆ ತಮಾಷೆಯನ್ನು ನಾನೇ ಸಾಕಷ್ಟು ಕೇಳಿದ್ದೇನೆ. ‘ರಬ್ಬಿ’ ಎಂದರೆ ನನ್ನ ಒಡೆಯ, ನನ್ನ ಗುರು. ಇದು ಮೋಶೆಯ ಕಾಲದಷ್ಟು ಹಳೆಯ ಬಿರುದು ಎಂದು ಬಹಳ ಜನ ತಿಳಿದಿದ್ದಾರೆ. ಹೀಬ್ರೂ ಬೈಬಲಿನಲ್ಲಿ ಧರ್ಮಬೋಧಕರಿಗೆ ಈ ಬಿರುದು ಒಮ್ಮೆಯೂ ಬರುವುದಿಲ್ಲ. ಅಲ್ಲಿ ‘ರಾವ್’ ಬಂದರೆ, ಯೋನನನ್ನು ಹೊತ್ತ ಹಡಗಿನ ನಾಯಕನಿಗೆ ಬಂದಂತೆ, ಯಾವುದೋ ಕೆಲಸದ ಮುಖ್ಯಸ್ಥ ಎಂಬ ಅರ್ಥದಲ್ಲಿ. ಕ್ರಿಸ್ತಪೂರ್ವದ ಕೊನೆಯ ತಲೆಮಾರಿನ ಮಹಾಗುರುಗಳಾದ ಹಿಲ್ಲೆಲ್ ಮತ್ತು ಶಮ್ಮಾಯ್ ಹೆಸರುಗಳ ಮುಂದೆ ಯಾವ ಬಿರುದೂ ಇಲ್ಲ. ಕ್ರಿ.ಶ. ಒಂದನೇ ಶತಮಾನದಲ್ಲಿ, ಮುಖ್ಯವಾಗಿ ದೇವಾಲಯ ಬಿದ್ದ ಮೇಲೆ, ಯಾವ್ನೆ ಎಂಬ ಊರಿನಲ್ಲಿ ಯೋಹಾನಾನ್ ಬೆನ್ ಜಕ್ಕಾಯ್ ಸುತ್ತ ವಿದ್ವಾಂಸರು ಕೂಡಿಕೊಂಡಾಗ ಈ ಹೆಸರು ಪದವಿಯ ರೂಪ ಪಡೆಯಿತು. ಸಭೆಯ ಮುಖ್ಯಸ್ಥರಿಗೆ ‘ರಬ್ಬಾನ್’, ಇಸ್ರೇಲ್ ನೆಲದಲ್ಲಿ ವಿಧಿವತ್ತಾಗಿ ಅಧಿಕಾರ ಪಡೆದವರಿಗೆ ‘ರಬ್ಬಿ’, ಆ ವಿಧಿ ನಡೆಸುವಂತಿಲ್ಲದ ಬಾಬಿಲೋನಿನ ವಿದ್ವಾಂಸರಿಗೆ ‘ರಾವ್’. ಶೆರಿರಾ ಗಾಓನ್ ಎಂಬ 10ನೇ ಶತಮಾನದ ಗುರುವಿನ ಹೆಸರಿನಲ್ಲಿ ಉಳಿದಿರುವ ಮಾತೊಂದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ: ರಾವ್‌ಗಿಂತ ರಬ್ಬಿ ದೊಡ್ಡದು, ರಬ್ಬಿಗಿಂತ ರಬ್ಬಾನ್ ದೊಡ್ಡದು, ರಬ್ಬಾನ್‌ಗಿಂತ ಬರಿಯ ಹೆಸರು ದೊಡ್ಡದು.

ಆ ವಿಧಿಯ ಹೆಸರೂ ಸೆಮಿಖಾ, ಕೈಯಿಡುವುದು. ಮೋಶೆ ಯೆಹೋಶುವನ ಮೇಲೆ ಕೈಯಿಟ್ಟು ನಾಯಕತ್ವ ಒಪ್ಪಿಸಿದ ಕಥೆ ನಿಮಗೆ ಗೊತ್ತಿದೆ. ಅಲ್ಲಿಂದ ಗುರುವಿನಿಂದ ಶಿಷ್ಯನಿಗೆ ಕಡಿಯದೆ ಬಂದ ಸರಪಳಿ ಎಂದು ಇದನ್ನು ನಂಬುತ್ತಾರೆ. ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಕ್ರಿ.ಶ. 135ರ ಸುಮಾರಿಗೆ, ಈ ವಿಧಿಯನ್ನೇ ನಿಷೇಧಿಸಲಾಯಿತು. ಕೊಟ್ಟವನಿಗೆ ಸಾವು, ಪಡೆದವನಿಗೆ ಸಾವು, ನಡೆದ ಊರು ನೆಲಸಮ. ಆಗ ಯೆಹೂದಾ ಬೆನ್ ಬಾವಾ ಎಂಬ ಮುದುಕರು ಊಷಾ ಮತ್ತು ಶೆಫಾರಾಮ್ ಎಂಬ ಎರಡು ಊರುಗಳ ನಡುವೆ, ಎರಡರ ಗಡಿಗೂ ಸೇರದ ಬೆಟ್ಟದ ಕಣಿವೆಯನ್ನು ಹುಡುಕಿ ಕುಳಿತರು. ಯಾವ ಊರೂ ಶಿಕ್ಷೆ ಅನುಭವಿಸಬಾರದಲ್ಲ! ಅಲ್ಲಿ ಐವರು ಶಿಷ್ಯರಿಗೆ ಅಧಿಕಾರ ಕೊಟ್ಟು ಮುಗಿಸುವಷ್ಟರಲ್ಲಿ ಸೈನಿಕರು ಬಂದರು. ‘ಓಡಿ’ ಎಂದರು ಗುರು. ‘ನಿಮ್ಮ ಗತಿ?’ ಎಂದರು ಶಿಷ್ಯರು. ‘ಯಾರೂ ಮಗುಚದ ಕಲ್ಲಿನ ಹಾಗೆ ನಾನು ಅವರ ದಾರಿಗೆ ಬಿದ್ದಿರುತ್ತೇನೆ.’ ಅವರ ದೇಹಕ್ಕೆ ಮುನ್ನೂರು ಈಟಿಗಳು ಹೊಕ್ಕವು ಎನ್ನುತ್ತದೆ ತಾಲ್ಮುದ್. ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಒಂದು ಅಧ್ಯಾಪಕ ಪದವಿಗಾಗಿ ಒಬ್ಬರು ಹೀಗೆ ಸತ್ತ ನೆನಪನ್ನು ಆ ಸಮುದಾಯ ಉಳಿಸಿಕೊಂಡಿದೆ ಎಂಬುದು ಮಾತ್ರ ಗಮನಿಸಬೇಕಾದದ್ದು.

ಆದರೂ ರೋಮನ್ ಆಳ್ವಿಕೆಯ ಕೊನೆಯ ಶತಮಾನಗಳಲ್ಲಿ ಆ ಸರಪಳಿ ಕಡಿದುಹೋಯಿತು. 1538ರಲ್ಲಿ ಸಫೇದ್ ಪಟ್ಟಣದ ಯಾಕೋಬ್ ಬೇರಾವ್ ಅದನ್ನು ಮತ್ತೆ ಆರಂಭಿಸಲು ನೋಡಿದರು. ಜೆರುಸಲೇಮಿನ ಲೇವಿ ಇಬ್ನ್ ಹಬೀಬ್ ‘ನಿಮಗೆ ಆ ಅಧಿಕಾರ ಕೊಟ್ಟವರಾರು?’ ಎಂದು ಪಟ್ಟು ಹಿಡಿದು ವಿರೋಧಿಸಿದರು, ಪ್ರಯತ್ನ ಬೇರು ಬಿಡಲಿಲ್ಲ. ಹೀಗಾಗಿ ಇಂದಿನ ಸೆಮಿಖಾ ಹಳೆಯದರ ಹೆಸರನ್ನು ಹೊತ್ತಿರುವ ಪರವಾನಗಿ ಪತ್ರ ಮಾತ್ರ: ಈತ ಓದಿದ್ದಾನೆ, ನಾನು ಪರೀಕ್ಷಿಸಿದ್ದೇನೆ, ಇವನ ಮಾತಿನ ಮೇಲೆ ಭರವಸೆಯಿಡಬಹುದು ಎಂದು ಗುರು ಕೊಡುವ ಮಾತು. ಇಸ್ರೇಲಿನಲ್ಲಿ 1921ರಿಂದ ಇರುವ ಮುಖ್ಯ ರಬ್ಬಿನೇಟ್, ಅಂದರೆ ರಬ್ಬಿಗಳ ಅಧಿಕೃತ ಮಂಡಳಿ, ಲಿಖಿತ ಪರೀಕ್ಷೆ ನಡೆಸಿಯೂ ಪತ್ರ ಕೊಡುತ್ತದೆ.

ಈಗ ನಿಮ್ಮ ಅಕ್ಕನ ಮಾತು. ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರಿಗೆ ರಬ್ಬಿ ಎನಿಸಿಕೊಳ್ಳಬೇಡಿ ಎಂದು ಹೇಳುವುದು ನಿಜ. ಅಕ್ಕ ಅಲ್ಲಿಗೇ ಪುಸ್ತಕ ಮುಚ್ಚಿದ್ದಾಳೆ. ಮುಂದಿನ ವಚನದಲ್ಲೇ ಭೂಮಿಯ ಮೇಲೆ ಯಾರನ್ನೂ ತಂದೆ ಎಂದು ಕರೆಯಬೇಡಿ ಎಂದೂ ಇದೆ. ಆಕೆ ಭಾನುವಾರ ಪೂಜೆ ಮುಗಿಸಿ ಹೊರಬಂದು ‘ಫಾದರ್, ನಮಸ್ಕಾರ’ ಎನ್ನುವುದಿಲ್ಲವೇ? ಆ ಅಧ್ಯಾಯದ ಸಿಟ್ಟು ಸಂತೆಯಲ್ಲಿ ವಂದನೆ, ಊಟದಲ್ಲಿ ಮೊದಲ ಪಂಕ್ತಿ ಬಯಸುವವರ ಮೇಲೆ. ಕರೆಯುವವರ ಮೇಲಲ್ಲ, ಕರೆಸಿಕೊಂಡು ಬೀಗುವವರ ಮೇಲೆ. ಅದೇ ಎಚ್ಚರಿಕೆಯನ್ನು ಯಹೂದಿ ಗುರುಗಳೂ ಕೊಟ್ಟಿದ್ದಾರೆ. ‘ಕೆಲಸವನ್ನು ಪ್ರೀತಿಸು, ದೊಡ್ಡಸ್ತಿಕೆಯನ್ನು ದ್ವೇಷಿಸು’ ಎಂದ ಶೆಮಾಯಾ ಎಂಬ ಹಳೆಯ ಗುರು ದೊಡ್ಡಸ್ತಿಕೆಗೆ ಬಳಸಿದ ಪದ ‘ರಬ್ಬಾನೂತ್’. ಇಂದು ರಬ್ಬಿಗಳ ಪದವಿಗೂ ಅದೇ ಹೆಸರು. ಇನ್ನು ಯೋಹಾನನ ಶುಭಸಂದೇಶದಲ್ಲಿ ಮೊದಲ ಶಿಷ್ಯರು ಯೇಸುವನ್ನೇ ‘ರಬ್ಬಿ’ ಎಂದು ಕರೆದಿದ್ದಾರೆ, ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ‘ರಬ್ಬೂನಿ’ ಎಂದಿದ್ದಾಳೆ. ಆಗ ಅದು ಪರೀಕ್ಷೆ ಪಾಸಾದ ಪದವಿಯಾಗಿರಲಿಲ್ಲ, ಗುರುವನ್ನು ಕಂಡಾಗ ಬಾಯಿಗೆ ಬರುವ ಮರ್ಯಾದೆಯ ಮಾತಾಗಿತ್ತು. ನೀವು ಅಜ್ಜನನ್ನು ಹಾಗೆ ಕರೆದರೆ ಅವರ ವಿದ್ಯೆಯನ್ನು ಒಪ್ಪಿದಂತಾಗುತ್ತದೆ ಹೊರತು ಅವರ ಧರ್ಮ ಸೇರಿದಂತಾಗುವುದಿಲ್ಲ.

ಹಾಗಾದರೆ ಮೊಮ್ಮಗ ನಕ್ಕದ್ದೇಕೆ? ಇಂದಿನ ಇಸ್ರೇಲಿ ಹೀಬ್ರೂವಿನಲ್ಲಿ ‘ರಬ್ಬಿ’ ಎಂದರೆ ತಾಲ್ಮುದ್ ಕಾಲದ ಹಿರಿಯರೋ ಪುಣ್ಯಪುರುಷರೋ ನೆನಪಾಗುತ್ತಾರೆ. ಬದುಕಿರುವವರನ್ನು ಹಾಗೆ ಕರೆಯುವುದು ಅಮೆರಿಕದಿಂದ ಬಂದವರ ರೂಢಿ. ಹುಡುಗನ ಕಿವಿಗೆ ಅದು ವಿಚಿತ್ರವಾಗಿ ಕೇಳಿಸಿದೆ, ಅಷ್ಟೆ. ಅಲ್ಲಿ ಸಲ್ಲುವುದು ‘ಹಾ-ರಾವ್’. ನೇರವಾಗಿ ಮಾತಾಡುವಾಗ ‘ಕ್ವೋದ್ ಹಾ-ರಾವ್’, ಪೂಜ್ಯ ರಾವ್ ಎಂದಂತೆ. ಎದುರಿಗಿರುವವರನ್ನು ‘ನೀನು’ ಎನ್ನದೆ ‘ರಾವ್ ಚಹಾ ಕುಡಿಯುತ್ತಾರೆಯೇ’ ಎಂದು ಮೂರನೆಯವರಂತೆ ಕೇಳುವುದು ಮರ್ಯಾದೆ. ಹೀಬ್ರೂವಿನಲ್ಲಿ ನಮ್ಮ ‘ನೀವು’, ‘ತಾವು’ ಇಲ್ಲ. ಮಗುವಿಗೂ ಮುದುಕನಿಗೂ ಒಂದೇ ‘ನೀನು’. ಗೌರವ ತೋರಿಸಲು ಅವರು ಕಂಡುಕೊಂಡ ಉಪಾಯ ಇದು. ನೀವೂ ಹಾಗೆ ಕೇಳಬಹುದು, ಆದರೆ ಔಷಧಿ ಕೊಡುವಾಗ, ಸ್ನಾನ ಮಾಡಿಸುವಾಗ ಹಾಗೆ ಮಾತಾಡತೊಡಗಿದರೆ ಇಬ್ಬರಿಗೂ ನಗು ಬರುತ್ತದೆ. ಮನೆಯವರು ‘ಸಾಬಾ’, ಅಂದರೆ ಅಜ್ಜ, ಎನ್ನಲು ತಾವಾಗಿ ಹೇಳಿದರೆ ಒಳಗೆ ಸಾಬಾ, ಜನರ ಮುಂದೆ ಹಾ-ರಾವ್ ಎಂದು ಇಟ್ಟುಕೊಳ್ಳಿ. ಅವರು ಹೇಳದೆ ನೀವೇ ಸಾಬಾ ಎಂದರೆ ಸೊಸೆಗೆ ಸಲಿಗೆ ಹೆಚ್ಚಾಯಿತೆನಿಸಬಹುದು.

‘ರೆಬ್ಬೆ’ ಎಂಬುದನ್ನು ಮಾತ್ರ ಬಳಸಬೇಡಿ. ಅದು 18ನೇ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹುಟ್ಟಿದ ಹಸೀದಿ ಪಂಥಗಳ ಪೀಠಾಧಿಪತಿಗಳಿಗೆ ಸಲ್ಲುವ ಮಾತು. ಸಾವಿರಾರು ಅನುಯಾಯಿಗಳು, ಬಹುಮಟ್ಟಿಗೆ ವಂಶಪಾರಂಪರ್ಯದ ಪೀಠ. ಬ್ಯಾಂಕಿನ ಅಜ್ಜನಿಗೆ ಅದು ಹೊಂದುವುದಿಲ್ಲ. ಮಕ್ಕಳು ತಮ್ಮ ಶಾಲೆಯ ಮೇಷ್ಟರನ್ನೂ ರೆಬ್ಬೆ ಎನ್ನುವುದುಂಟು, ಅದು ಬೇರೆ. ‘ರೆಬ್’ ಎಂದು ಕೇಳಿದರೆ ಅದು ಬರಿಯ ‘ಶ್ರೀಯುತ’. ಅರಬ್ ನಾಡುಗಳಿಂದ ಬಂದ ಕುಟುಂಬಗಳಲ್ಲಿ ‘ಹಾಖಾಮ್’, ಜ್ಞಾನಿ, ಎಂಬ ಬಿರುದೂ ಕೇಳಿಸುತ್ತದೆ. ಅಜ್ಜಿಯನ್ನು ಯಾರಾದರೂ ‘ರಬ್ಬಾನಿತ್’ ಎಂದರೆ ರಾವ್‌ನ ಪತ್ನಿ ಎಂದರ್ಥ. ಹೆಂಗಸರೇ ರಬ್ಬಿಯಾಗಬಹುದೇ ಎಂದು ನಿಮಗೆ ಅನಿಸಿರಬಹುದು: ಜರ್ಮನಿಯಲ್ಲಿ 1935ರಲ್ಲಿ ರೆಗೀನಾ ಯೋನಾಸ್ ಆದರು, 1944ರಲ್ಲಿ ಅವರನ್ನು ನಾಜಿಗಳು ಆಶ್‌ವಿಟ್ಜ್‌ನಲ್ಲಿ ಕೊಂದರು. 1972ರಿಂದ ಅಮೆರಿಕದ ಸುಧಾರಣಾವಾದಿ ಸಿನಗಾಗ್‌ಗಳಲ್ಲಿ ಮಹಿಳಾ ರಬ್ಬಿಗಳು ಸಾಮಾನ್ಯವಾದರು. ಅಜ್ಜನ ಮನೆಯಂಥ ಸಾಂಪ್ರದಾಯಿಕ ಮನೆಯಲ್ಲಿ ಆ ಮಾತೆತ್ತಿದರೆ ಊಟ ತಣ್ಣಗಾಗುವವರೆಗೂ ವಾದ ನಡೆಯುತ್ತದೆ.

ನಿಮ್ಮ ಊರಿನ ಮಾತು ಬಂದದ್ದರಿಂದ ಒಂದು ಸಂಗತಿ. ಅಜ್ಜನಿಗೆ ನೀವಿದನ್ನು ಹೇಳಿದರೆ ಖಂಡಿತ ಕಿವಿ ನಿಮಿರುತ್ತದೆ. 1132ರಿಂದ 1149ರವರೆಗೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಇದ್ದರು. ಕಂಚಿನ ಪಾತ್ರೆಗಳ ಕಾರ್ಖಾನೆ, ಮೆಣಸು, ಅಡಿಕೆಯ ವ್ಯಾಪಾರ. ಆಶು ಎಂಬ ದಾಸಿಯನ್ನು ಕೊಂಡು ಬಿಡುಗಡೆ ಮಾಡಿದ ಪತ್ರ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದದ್ದು ಇಂದಿಗೂ ಇದೆ. ಮುಂದೆ ಆಕೆ ಅವರ ಮಕ್ಕಳ ತಾಯಿಯಾದಳು. ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದವನ ಹೆಸರು ಬೊಮ್ಮ. ಕೈರೋ ಸಮೀಪದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಈ ಪತ್ರಗಳೆಲ್ಲ ಸಿಕ್ಕವು. ಏಡನ್ನಿನ ಗೆಳೆಯರು ಬೆನ್ ಯಿಜುಗೆ ಮರೆಯದೆ ಕಳಿಸುತ್ತಿದ್ದ ವಸ್ತು ಕಾಗದ. ಲೆಕ್ಕ ಬರೆಯಲು ಮಾತ್ರವಲ್ಲ, ಅವರು ಹೀಬ್ರೂ ಪದ್ಯ ಬರೆಯುತ್ತಿದ್ದರು, ಶಾಸ್ತ್ರ ಬಲ್ಲವರಾಗಿದ್ದರು. ದುಡಿಮೆ ಒಂದು ಕಡೆ, ವಿದ್ಯೆ ಇನ್ನೊಂದು ಕಡೆ. ನಿಮ್ಮ ಅಜ್ಜನದೂ ಅದೇ ಜಾತಿಯ ಬದುಕು. ಭಾರತದ ಹಳೆಯ ಯಹೂದಿ ಸಮುದಾಯಗಳಂತೂ ಸೆಮಿಖಾ ಪಡೆದ ರಬ್ಬಿಗಳಿಲ್ಲದೆಯೇ ಶತಮಾನಗಳನ್ನು ಕಳೆದವು. ಕೊಂಕಣದ ಬೆನೆ ಇಸ್ರೇಲಿಗಳಲ್ಲಿ ‘ಕಾಜಿ’ ಎನಿಸಿಕೊಂಡ ಮನೆತನದವರು, ಕೊಚ್ಚಿಯಲ್ಲಿ ಹಿರಿಯರು ಮತ್ತು ಹಜ್ಜಾನರು ಆ ಕೆಲಸ ನಡೆಸಿದರು. ಇದಕ್ಕೆ ಬೆಲೆಯನ್ನೂ ತೆತ್ತರು: 1960ರ ದಶಕದ ಆರಂಭದಲ್ಲಿ ಇಸ್ರೇಲಿನ ರಬ್ಬಿನೇಟ್ ಬೆನೆ ಇಸ್ರೇಲಿಗಳ ಮದುವೆಗೆ ವಂಶಶೋಧನೆಯ ಷರತ್ತು ಹಾಕಿತು. ಅವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ, ಅದು ಸಡಿ‌ಲವಾಯಿತು. ಬಿರುದಿಗೆ ಸರ್ಕಾರದ ಮುದ್ರೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ಇದು.

ಇನ್ನು ಚಮಚ. ಹೇಳಿಬಿಡಿ, ಅಜ್ಜನಿಗೇ ಮೊದಲು ಹೇಳಿ.

ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಆಜ್ಞೆ ತೋರಾದಲ್ಲಿ ಮೂರು ಸಲ ಬರುತ್ತದೆ, ನಿಮ್ಮ ಬೈಬಲಿನಲ್ಲಿಯೂ ಇದೆ. ಅದರಿಂದ ಬೆಳೆದ ನಿಯಮಗಳಲ್ಲಿ ಸಾಬೂನಿನಿಂದ ತೊಳೆಯುವುದು ಲೆಕ್ಕಕ್ಕಿಲ್ಲ. ಬಿಸಿಯಲ್ಲಿ ಲೋಹ ರುಚಿಯನ್ನು ಹೀರಿಕೊಳ್ಳುತ್ತದೆ, ಬಿಸಿಯಲ್ಲೇ ಬಿಡುತ್ತದೆ ಎಂಬುದು ತತ್ತ್ವ. ನೀವು ಹೇಳಿದರೆ ಅಜ್ಜ ಬೈಯುವ ಮೊದಲು ಕೇಳುವುದು ಇವನ್ನೇ. ಪಾತ್ರೆ ಒಲೆಯ ಮೇಲಿತ್ತೇ? ಆ ಚಮಚವನ್ನು ಬಿಸಿ ಹಾಲಿಗೆ ಕೊನೆಗೆ ಬಳಸಿದ್ದು ಯಾವಾಗ, ಇಪ್ಪತ್ತನಾಲ್ಕು ಗಂಟೆ ಕಳೆದಿತ್ತೇ? ಸಾರು ಎಷ್ಟಿತ್ತು, ಚಮಚ ಎಷ್ಟು ಮುಳುಗಿತ್ತು? ಮುಳುಗಿದ ಭಾಗದ ಅರವತ್ತು ಪಟ್ಟು ಸಾರಿದ್ದರೆ ಒಂದು ತೀರ್ಮಾನ, ಇಲ್ಲದಿದ್ದರೆ ಇನ್ನೊಂದು. ಚಮಚ ಒಂದು ದಿನದಿಂದ ಬಿಸಿ ಹಾಲು ಕಂಡಿರದಿದ್ದರೆ ಸಾರನ್ನು ತಿನ್ನಬಹುದು, ಚಮಚವನ್ನು ಮಾತ್ರ ಕುದಿಯುವ ನೀರಿನಲ್ಲಿ ಅದ್ದಿ ಶುದ್ಧಿ ಮಾಡಬೇಕು ಎಂದು ಹೇಳುವುದು ಸಾಮಾನ್ಯ. ಆದರೆ ಇದನ್ನು ಓದಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ನಾನು ಹೀಬ್ರೂ ಮೇಷ್ಟರು, ನನ್ನ ಗೋಡೆಯ ಮೇಲೆ ‘ಯೋರೆ ಯೋರೆ’ ಇಲ್ಲ. ವಿವರಗಳನ್ನು ಮಾತ್ರ ನೆನಪು ಮಾಡಿಕೊಂಡು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಅನುಕೂಲವಾಗುವಂತೆ ಗಂಟೆ ಸೇರಿಸಿದರೆ ನಿರ್ಣಯವೇ ಕೆಡುತ್ತದೆ.

ಹೇಳುವ ಬಗೆಯೂ ಮುಖ್ಯ. ‘ತಪ್ಪಾಯಿತು’ ಎಂದು ಅಳುತ್ತ ಹೋದರೆ ಅವರು ನಿಮ್ಮನ್ನು ಸಮಾಧಾನ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ‘ಯೇಶ್ ಲಿ ಶೆಎಲಾ ಲಾ-ರಾವ್’ ಎನ್ನಿ: ರಾವ್‌ಗೆ ನನ್ನದೊಂದು ಪ್ರಶ್ನೆಯಿದೆ. ಇಷ್ಟು ಶತಮಾನಗಳಿಂದ ಯಹೂದಿ ಗೃಹಿಣಿಯರು ಹೊಟ್ಟೆಯಲ್ಲಿ ಸೂಜಿ ಸಿಕ್ಕ ಕೋಳಿಯನ್ನು, ಹಾಲು ಚೆಲ್ಲಿದ ಮಾಂಸದ ಪಾತ್ರೆಯನ್ನು ಹಿಡಿದುಕೊಂಡು ರಬ್ಬಿಯ ಮನೆಬಾಗಿಲಿಗೆ ಹೋಗಿ ಹೇಳಿದ ಮಾತು ಇದೇ. ಇಂಥ ಪ್ರಶ್ನೆಗೆ ಉತ್ತರ ಹೇಳಲೆಂದೇ ಅಜ್ಜ ಯೌವನದಲ್ಲಿ ವರ್ಷಗಟ್ಟಲೆ ಓದಿ ಆ ಕಾಗದ ಪಡೆದದ್ದು. ಬ್ಯಾಂಕಿನಲ್ಲಿ ಯಾರೂ ಅವರನ್ನು ಇದನ್ನು ಕೇಳಿರಲಾರರು. ಅವರು ಪುಸ್ತಕ ತೆಗೆಸಿ, ಕನ್ನಡಕ ತರಿಸಿ, ಮಧ್ಯಾಹ್ನವೆಲ್ಲ ಕುಳಿತರೂ ಆಶ್ಚರ್ಯವಿಲ್ಲ. ‘ನನಗೆ ವಯಸ್ಸಾಯಿತು, ಬಡಾವಣೆಯ ರಾವ್‌ಗೆ ಫೋನ್ ಮಾಡು’ ಎಂದರೂ ಬೇಸರಿಸಬೇಡಿ, ಅದೂ ಪದ್ಧತಿಯೇ. ಒಬ್ಬರು ಕೂಡದು ಎಂದದ್ದನ್ನು ಇನ್ನೊಬ್ಬರ ಬಳಿ ಒಯ್ದು ಕೂಡುತ್ತದೆ ಎನಿಸಿಕೊಳ್ಳಬಾರದೆಂಬ ನಿಯಮವಿದೆ. ಆದ್ದರಿಂದ ಪಕ್ಕದ ಮನೆಯವರನ್ನೋ ಇಂಟರ್ನೆಟ್ಟನ್ನೋ ಮೊದಲು ಕೇಳಿ ತೊಡಕು ಮಾಡಿಕೊಳ್ಳಬೇಡಿ.

ಅಪಾಯವಿಲ್ಲವೇ? ಇದೆ. ಸೊಸೆ ಸಿಡುಕಬಹುದು, ಕೆಲವು ದಿನ ಅಡುಗೆಮನೆಯಲ್ಲಿ ನಿಮ್ಮ ಬೆನ್ನ ಹಿಂದೆ ನಿಲ್ಲಬಹುದು. ಅಜ್ಜನ ತೀರ್ಮಾನ ಕೈಯಲ್ಲಿದ್ದರೆ ಆಕೆಗೂ ಹೆಚ್ಚು ಮಾತಿಗೆ ಎಡೆಯಿರುವುದಿಲ್ಲ, ಮಾವ ರಾವ್ ತಾನೇ. ಮುಚ್ಚಿಟ್ಟರೆ ಇಂದು ಏನೂ ಆಗುವುದಿಲ್ಲ. ಆದರೆ ಆ ಚಮಚ ದಿನಕ್ಕೊಂದು ಪಾತ್ರೆಗೆ ಇಳಿಯುತ್ತದೆ, ಫ್ರೀಜರಿನ ಸಾರನ್ನು ಅಜ್ಜ ತಿನ್ನುತ್ತಾರೆ, ಎಂದಾದರೂ ಗೊತ್ತಾದ ದಿನ ಇಡೀ ಅಡುಗೆಮನೆಯ ಮೇಲೆ ಸಂಶಯ ಬರುತ್ತದೆ. ನಾನು ಕಂಡಂತೆ ಇಂಥ ಮನೆಗಳಲ್ಲಿ ಕೆಲಸ ಹೋಗುವುದು ಚಮಚ ಬೆರೆತದ್ದಕ್ಕಲ್ಲ, ಬೆರೆತದ್ದನ್ನು ಹೇಳದೇ ಹೋದದ್ದಕ್ಕೆ. ಇನ್ನು ಮೇಲೆ ಎರಡು ಬಣ್ಣದ ಟೇಪು ತಂದು ಹಿಡಿಗಳಿಗೆ ಸುತ್ತಿ. ಬಹಳ ಮನೆಗಳಲ್ಲಿ ಮಾಂಸಕ್ಕೆ ಕೆಂಪು, ಹಾಲಿಗೆ ನೀಲಿ. ಒಲೆಯನ್ನು ಮನೆಯವರೇ ಹಚ್ಚಿಕೊಡುವ ಪದ್ಧತಿ ಅಲ್ಲಿದ್ದರೆ ನಿಮ್ಮ ಮೇಲಿನ ಅಪನಂಬಿಕೆ ಎಂದು ನೊಂದುಕೊಳ್ಳಬೇಡಿ. ಯಹೂದಿಯಲ್ಲದವರೇ ಆರಂಭದಿಂದ ಮಾಡಿದ ಅಡುಗೆಯ ಬಗ್ಗೆ ಹಳೆಯ ನಿಷೇಧವೊಂದಿದೆ; ಯುರೋಪ್ ಮೂಲದವರಿಗೆ ಬೆಂಕಿ ಹಚ್ಚಿಕೊಟ್ಟರೆ ಸಾಕು, ಅರಬ್ ನಾಡುಗಳ ಮೂಲದವರಲ್ಲಿ ಅನೇಕರು ಪಾತ್ರೆಯನ್ನೂ ತಾವೇ ಒಲೆಗಿಡುತ್ತಾರೆ.

ಊರಿಗೆ ಕನ್ನಡದಲ್ಲಿ ಬರೆಯುವಾಗ ‘ರಬ್ಬಿ’ ಎಂದೇ ಬರೆಯಿರಿ, ನಮ್ಮ ಓದುಗರಿಗೆ ಅದು ಗೊತ್ತು. ಪುರೋಹಿತ ಎಂದು ಮಾತ್ರ ಬೇಡ, ಆ ಮಾತು ಪಕ್ಕದ ಮನೆಯ ಕೋಹೆನ್ನರಿಗೆ ಸೇರಿದ್ದು.

ಕಾರ್ಡಿನಲ್ಲಿ ‘ಹಾ-ರಾವ್’ ಎಂದು ಬರೆದು ಅವರ ಹೆಸರು ಬರೆಯಿರಿ, ಹೆಸರಾದ ಮೇಲೆ ‘ಶ್ಲಿಟಾ’ ಎಂಬ ಐದಕ್ಷರದ ಸಂಕ್ಷಿಪ್ತ ರೂಪ ಸೇರಿಸಿ. ಒಳ್ಳೆಯ ದಿನಗಳನ್ನು ಕಂಡು ದೀರ್ಘಕಾಲ ಬಾಳಲಿ, ಆಮೆನ್ ಎಂದು ಅದರ ಭಾವ. ಹೀಬ್ರೂ ಅಕ್ಷರಗಳನ್ನು ಮೊಮ್ಮಗನಿಂದ ಬರೆಸಿಕೊಳ್ಳಿ. ಅಜ್ಜನ ಕಪಾಟಿನ ಪುಸ್ತಕಗಳ ಮುಖಪುಟ ನೋಡಿ ನಕಲು ಮಾಡಲು ಹೋಗಬೇಡಿ. ಅಲ್ಲಿ ಹೆಚ್ಚಾಗಿ ಕಾಣುವುದು ‘ಜತ್ಸಲ್’, ಅದನ್ನು ಬರೆಯುವುದು ತೀರಿಕೊಂಡವರ ಹೆಸರಾದ ಮೇಲೆ.